ಮನೆ ಮಾರುವ ಮೊದಲು ಮೀಟರ್ ಮುಂದೆ ಒಂದು ಗಂಟೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯ ಹಿಡಿದಿವೆ. ಮನೆ ಮಾರುವಾಗಲೋ ಬಾಡಿಗೆಗೆ ಕೊಡುವಾಗಲೋ ಅದು ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಳೆಯುವುದು ಹೇಗೆ, ಯಾರ ಕೈಲಿ ಅಳೆಸುವುದು? ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಎಂಟು ಪತ್ರಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಹಾಸನದ ವಿದ್ಯಾನಗರದಲ್ಲಿ 30×40 ಸೈಟಿನಲ್ಲಿ 2004ರಲ್ಲಿ ಕಟ್ಟಿಸಿದ ಮನೆ ಮಾರುತ್ತಿದ್ದೇವೆ. ನೋಡಲು ಬಂದವರ ಮಗ ವಿದೇಶದಲ್ಲಿದ್ದಾನಂತೆ, ‘ಎನರ್ಜಿ ಸರ್ಟಿಫಿಕೇಟ್ ಕೊಡ್ತೀರಾ?’ ಎಂದು ಕೇಳಿದರು. ಇದು ಕಡ್ಡಾಯವೇ? ಎಲ್ಲಿ ಮಾಡಿಸಬೇಕು?
– ಓದುಗರು, ವಿದ್ಯಾನಗರ, ಹಾಸನ

ಕಡ್ಡಾಯ ಅಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರದ ಜೊತೆ ಇಂಥ ಕಾಗದವನ್ನು ಯಾರೂ ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಮತ್ತು ಯುರೋಪಿನ ದೇಶಗಳಲ್ಲಿ ಕಡ್ಡಾಯ, ಅವರ ಮಗ ಅದನ್ನು ನೋಡಿ ಕೇಳಿರಬಹುದು.

ನಮ್ಮಲ್ಲಿ ಇರುವುದು ಇಷ್ಟು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರ ಡಿಸೆಂಬರ್‌ನಲ್ಲಿ ವಸತಿ ಕಟ್ಟಡಗಳಿಗೆ ‘ಇಕೋ ನಿವಾಸ್ ಸಂಹಿತೆ’ ತಂದಿತು. ಅದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳನ್ನು ಉದ್ದೇಶಿಸಿದ್ದು. ನಿಮ್ಮ 30×40 ಸೈಟು 111 ಚದರ ಮೀಟರ್. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು ವಸತಿ ಕಟ್ಟಡಗಳೂ ಅದರೊಳಗೆ ಸೇರಿದವು. ಆದರೆ ಅದರ ಮಿತಿ 100 ಕಿಲೋವ್ಯಾಟ್ ಲೋಡಿನಿಂದ ಶುರು, ಅಂದರೆ ಅಪಾರ್ಟ್‌ಮೆಂಟ್ ಸಮುಚ್ಚಯಗಳ ಲೆಕ್ಕ. 2019ರ ಫೆಬ್ರವರಿಯಲ್ಲಿ ಅದೇ ಬ್ಯೂರೋ ಮನೆಗಳಿಗೂ ಫ್ರಿಜ್ಜಿನ ಹಾಗೆ ಒಂದರಿಂದ ಐದರವರೆಗೆ ಸ್ಟಾರ್ ಕೊಡುವ ಯೋಜನೆ ಆರಂಭಿಸಿತು. ಬೇಕಾದವರು ಮಾಡಿಸಿಕೊಳ್ಳಬಹುದು, ಕಡ್ಡಾಯವಿಲ್ಲ. ನಕ್ಷೆ, ಗೋಡೆ–ಗಾಜಿನ ವಿವರ ಎಲ್ಲ ಕೈಯಲ್ಲಿರುವ ಹೊಸ ಕಟ್ಟಡಕ್ಕೆ ಅದು ಸರಿ. ಇಪ್ಪತ್ತು ವರ್ಷದ ಮನೆಗೆ ಅದರ ಹಿಂದೆ ಓಡಾಡುವುದು ನಮ್ಮ ಮಟ್ಟಿಗೆ ದಂಡ.

ಅದರ ಬದಲು ಒಂದು ಹಾಳೆ ತಯಾರಿಸಿಕೊಡಿ. ಕೊಳ್ಳುವವರಿಗೆ ಸರ್ಟಿಫಿಕೇಟಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಇರಬೇಕಾದ್ದು: ಕಳೆದ 24 ತಿಂಗಳ ಯೂನಿಟ್ (ರೂಪಾಯಿ ಅಲ್ಲ, ಯೂನಿಟ್), ಆ ಅವಧಿಯಲ್ಲಿ ಮನೆಯಲ್ಲಿ ಎಷ್ಟು ಜನ ಇದ್ದರು, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್, ಸ್ನಾನದ ನೀರು ಯಾವುದರಿಂದ ಕಾಯುತ್ತದೆ, ಸೋಲಾರ್ ಇದ್ದರೆ ಯಾವ ವರ್ಷ ಹಾಕಿಸಿದ್ದು, ಮೋಟಾರ್ ಎಷ್ಟು ಎಚ್‌ಪಿ, ವೈರಿಂಗ್ ಯಾವ ವರ್ಷದ್ದು, ಅರ್ಥಿಂಗ್ ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ. ಯೂನಿಟ್ ಎಂದು ಒತ್ತಿ ಹೇಳಲು ಕಾರಣ ಇದೆ. ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗಳ ಬಿಲ್ ಸೊನ್ನೆ. ಸೊನ್ನೆ ಬಿಲ್ ತೋರಿಸಿ ‘ನಮ್ಮನೆಗೆ ಖರ್ಚೇ ಇಲ್ಲ’ ಎಂದರೆ ಅದು ಸರ್ಕಾರದ ಲೆಕ್ಕವಾಯಿತು, ಮನೆಯ ಲೆಕ್ಕವಲ್ಲ. ಅದೇ ಬಿಲ್ಲಿನಲ್ಲಿ ‘ಬಳಕೆ’ ಎಂಬ ಸಾಲು ಇರುತ್ತದೆ, ಅದನ್ನೇ ಬರೆದುಕೊಳ್ಳಿ. ಹಾಸನ ಜಿಲ್ಲೆಯವರಿಗೆ ಚಾಮುಂಡೇಶ್ವರಿ ವಿದ್ಯುತ್ ನಿಗಮದ, ಅಂದರೆ ಸೆಸ್ಕ್‌ನ, ಬಿಲ್, ಚಿಕ್ಕಮಗಳೂರಿನವರಿಗೆ ಮೆಸ್ಕಾಂನದು. ಹಳೆಯ ಬಿಲ್ ಕಳೆದುಹೋಗಿದ್ದರೆ ಆರ್‌ಆರ್ ನಂಬರ್ ಕೊಟ್ಟು ಉಪವಿಭಾಗದ ಕಚೇರಿಯಲ್ಲಿ ಹಿಂದಿನ ಬಳಕೆಯ ವಿವರ ಕೇಳಬಹುದು.

ವೈರಿಂಗ್ ಭಾಗಕ್ಕೆ ಮಾತ್ರ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರನ್ನೇ ಕರೆಸಿ. 500 ವೋಲ್ಟಿನ ಮೆಗ್ಗರ್ ಎಂಬ ಮಾಪಕ ಹಚ್ಚಿ ಇನ್ಸುಲೇಷನ್ ಅಳೆಯುತ್ತಾರೆ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಸರ್ಕ್ಯೂಟನ್ನು ಸರಿ ಮಾಡಿಸದೆ ಮನೆ ದಾಟಿಸಬೇಡಿ. ಅಳೆಯುವ ಮೊದಲು ಟಿವಿ, ಇನ್ವರ್ಟರ್, ಎಲ್‌ಇಡಿ ಎಲ್ಲ ಪ್ಲಗ್‌ನಿಂದ ತೆಗೆಸಿರಬೇಕು. ಇಲ್ಲದಿದ್ದರೆ ಅವುಗಳ ಒಳಗಿನ ಬೋರ್ಡು ಸುಡುತ್ತದೆ, ರೀಡಿಂಗೂ ತಪ್ಪು ಬರುತ್ತದೆ.

ಚಿಕ್ಕಮಗಳೂರಿನಲ್ಲಿ ನಮ್ಮ ಮೇಲಿನ ಮನೆ ಬಾಡಿಗೆಗೆ ಇದೆ. ಗಂಡ ಹೆಂಡತಿ ಇಬ್ಬರೇ. ಆದರೂ ತಿಂಗಳಿಗೆ 190 ಯೂನಿಟ್ ಬರುತ್ತಿದೆಯಂತೆ. ‘ನಿಮ್ಮ ಮೀಟರ್ ಓಡ್ತಿದೆ, ನಾವು ಬಿಡ್ತೀವಿ’ ಎನ್ನುತ್ತಿದ್ದಾರೆ. ಹೊಸ ಬಾಡಿಗೆದಾರರು ಬರುವ ಮೊದಲು ಇದನ್ನು ಪತ್ತೆ ಹಚ್ಚಬೇಕು. ಯಾರನ್ನು ಕರೆಸಲಿ?
– ಮನೆ ಮಾಲೀಕರು, ಜಯನಗರ, ಚಿಕ್ಕಮಗಳೂರು

ಮೊದಲ ದಿನ ಯಾರನ್ನೂ ಕರೆಸಬೇಡಿ. ಒಂದು ಕುರ್ಚಿ, ಸೆಕೆಂಡ್ ಮುಳ್ಳಿನ ಗಡಿಯಾರ, ಕಾಗದ ಪೆನ್ನು ತಗೊಂಡು ಮೀಟರ್ ಮುಂದೆ ಕೂರಿ.

ಮೀಟರಿನ ಮೇಲೆ ಮಿಣುಕುವ ಸಣ್ಣ ಕೆಂಪು ದೀಪ ಇರುತ್ತದೆ. ಅದರ ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ, ಸಾಮಾನ್ಯವಾಗಿ 3200 ಅಥವಾ 1600. 3200ರ ಮೀಟರಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ಸಲ ಮಿಣುಕಿತು ಎಂದು ಎಣಿಸಿ 18.75ರಿಂದ ಗುಣಿಸಿ. ಬಂದದ್ದು ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್. 1600 ಆದರೆ 37.5ರಿಂದ ಗುಣಿಸಬೇಕು. 2 ಕಿಲೋವ್ಯಾಟ್ ಗೀಸರ್ ಹಾಕಿದಾಗ 3200ರ ಮೀಟರಿನಲ್ಲಿ ನಿಮಿಷಕ್ಕೆ 107 ಮಿಣುಕು. ಎಣಿಸುವುದು ಕಷ್ಟ, ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಎಂದು ನೋಡಿ. ಐದೂವರೆಯಿಂದ ಆರು ಸೆಕೆಂಡ್ ಬಂದರೆ ಗೀಸರೂ ಸರಿ, ಮೀಟರೂ ಸರಿ. ಮೂರೇ ಸೆಕೆಂಡಿಗೆ ಹತ್ತು ಮಿಣುಕು ಮುಗಿದರೆ ಅದೇ ಹೊತ್ತಿಗೆ ಬೇರೇನೋ ಓಡುತ್ತಿದೆ, ಇಲ್ಲವೇ ಮೀಟರ್ ಪರೀಕ್ಷೆಗೆ ಅರ್ಜಿ ಹಾಕುವ ಕಾಲ ಬಂದಿದೆ.

ಇನ್ನು ಅನುಕ್ರಮ. ಮೊದಲು ಮೀಟರ್ ಆದ ಮೇಲಿನ ಮೇನ್ ಸ್ವಿಚ್ ಪೂರ್ತಿ ತೆಗೆಯಿರಿ. ಐದು ನಿಮಿಷ ಕಾಯಿರಿ. ದೀಪ ಮಿಣುಕಲೇಬಾರದು. ಮಿಣುಕಿದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಯಾವುದೋ ಎಳೆ ಬೇರೆ ಕಡೆ ಹೋಗಿದೆ. ಸೀಲ್ ಮುಟ್ಟಬೇಡಿ, ಸೆಕ್ಷನ್ ಆಫೀಸಿಗೆ ಬರೆದುಕೊಡಿ. ಮಿಣುಕಲಿಲ್ಲ ಎಂದರೆ ಮೇನ್ ಹಾಕಿ, ಮನೆಯೊಳಗಿನ ಎಂಸಿಬಿಗಳನ್ನೆಲ್ಲ (ಒಂದೊಂದು ಸರ್ಕ್ಯೂಟಿನ ಟ್ರಿಪ್ ಸ್ವಿಚ್) ಕೆಳಗೆ ಮಾಡಿ ಒಂದೊಂದನ್ನೇ ಮೇಲೆತ್ತುತ್ತಾ ಬನ್ನಿ. ಆ ಹೊತ್ತಿಗೆ ಫ್ರಿಜ್, ಟಿವಿ, ಮೊಬೈಲ್ ಚಾರ್ಜರ್ ಯಾವುದೂ ಪ್ಲಗ್ಗಿನಲ್ಲಿ ಇರಬಾರದು. ಎಲ್ಲ ಸ್ವಿಚ್ ಆಫ್ ಇದ್ದೂ ಯಾವ ಎಂಸಿಬಿ ಎತ್ತಿದಾಗ ದೀಪ ಮಿಣುಕಲು ಶುರುವಾಯಿತೋ ಕಳ್ಳ ಅಲ್ಲಿದ್ದಾನೆ.

ಎರಡು ಮನೆ ಇರುವ ಕಟ್ಟಡಗಳಲ್ಲಿ ಈ ಕಳ್ಳ ಹೆಚ್ಚಾಗಿ ಸಂಪಿನ ಮೋಟಾರ್ ಮತ್ತು ಮೆಟ್ಟಿಲ ದೀಪ. ಕಟ್ಟುವಾಗ ಹತ್ತಿರದಲ್ಲಿದ್ದ ಲೈನಿಗೆ ಕೊಟ್ಟಿರುತ್ತಾರೆ, ಅದು ಮೇಲಿನ ಮನೆಯ ಮೀಟರ್ ಆಗಿರುತ್ತದೆ. ಆಮೇಲೆ ಇಡೀ ಕಟ್ಟಡದ ನೀರನ್ನು ಬಾಡಿಗೆದಾರರೇ ಎತ್ತುತ್ತಿರುತ್ತಾರೆ, ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇನ್ನೊಂದು ಕಾರಣ ಸೋರಿಕೆ. ಬಿರುಕು ಬಿಟ್ಟ ಗೀಸರ್ ಕಾಯಿಲ್‌ನಿಂದಲೋ ಸಂಪಿನ ತೇವದಲ್ಲಿ ಬಿದ್ದ ಕೇಬಲ್ ಜಾಯಿಂಟ್‌ನಿಂದಲೋ ಬರೀ ಅರ್ಧ ಆಂಪಿಯರ್ ನೆಲಕ್ಕೆ ಇಳಿಯುತ್ತಿದೆ ಎನ್ನಿ: 115 ವ್ಯಾಟ್, ಹಗಲೂ ರಾತ್ರಿ. ತಿಂಗಳಿಗೆ 83 ಯೂನಿಟ್! 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸ್ವಿಚ್, ಇದ್ದ ಮನೆಯಲ್ಲಿ ಇದು ಆಗುವುದಿಲ್ಲ, ಕ್ಷಣದಲ್ಲಿ ಟ್ರಿಪ್ ಆಗುತ್ತದೆ. ‘ಪದೇ ಪದೇ ಹೋಗ್ತದೆ’ ಎಂದು ಅದನ್ನು ಬೈಪಾಸ್ ಮಾಡಿಸಿದ ಮನೆಗಳಲ್ಲೇ ಈ ಕಥೆ. ದುಡ್ಡು ಹೋಗುವುದಿರಲಿ, ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದವರ ಜೀವಕ್ಕೆ ಕುತ್ತು.

190ಕ್ಕೆ ಎಷ್ಟು ಕಾರಣ ಸಿಗುತ್ತದೆ ನೋಡೋಣ. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಅಂದರೆ 60 ಯೂನಿಟ್. ಹಳೆಯ ಫ್ರಿಜ್ 30. ಹಳೆ ಮಾದರಿಯ 75 ವ್ಯಾಟಿನ ಎರಡು ಫ್ಯಾನು ಎಂಟೆಂಟು ಗಂಟೆ ತಿರುಗಿದರೆ 36. ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ 15, ದೀಪಗಳು 7, ಮಿಕ್ಸಿ–ಇಸ್ತ್ರಿ–ವಾಷಿಂಗ್ ಮಷಿನ್ 12. ಒಟ್ಟು 160. ಮಿಕ್ಕ 30 ಯೂನಿಟ್ ಎಂದರೆ 24 ಗಂಟೆಯೂ ಎಳೆಯುವ ಸುಮಾರು 42 ವ್ಯಾಟ್, ಅಂದರೆ ನಿಮಿಷಕ್ಕೆ ಎರಡು ಮಿಣುಕು. ಎಲ್ಲ ಆಫ್ ಮಾಡಿದ ಮೇಲೂ ಮೀಟರ್ ನಿಮಿಷಕ್ಕೆ ಎರಡು ಸಲ ಕಣ್ಣು ಹೊಡೆದರೆ ಲೆಕ್ಕ ಮುಗಿಯಿತು. ಕಣ್ಣು ಹೊಡೆಯದಿದ್ದರೆ ಮೀಟರ್ ತಪ್ಪಲ್ಲ. ಗೀಸರ್ ಸ್ವಿಚ್ ಹಾಕಿ ಮರೆಯುವುದೋ, ಮಳೆಗಾಲದಲ್ಲಿ ದಿನಾ ಇಸ್ತ್ರಿ ಪೆಟ್ಟಿಗೆಯಿಂದ ಬಟ್ಟೆ ಒಣಗಿಸುವುದೋ, ಅದನ್ನು ಅವರ ಹತ್ತಿರವೇ ಕೂತು ಮಾತಾಡಬೇಕು. ಇದಿಷ್ಟನ್ನೂ ಬಾಡಿಗೆದಾರರ ಎದುರಿನಲ್ಲೇ ಮಾಡಿ. ಹಿಂದಿನಿಂದ ಮಾಡಿ ಹೇಳಿದರೆ ಯಾರೂ ನಂಬುವುದಿಲ್ಲ.

ಮನೆ ಲೀಸಿಗೆ ಹಾಕಿದ್ದೇವೆ. ನೋಡಲು ಬಂದವರೆಲ್ಲ ಮಾರ್ಚ್–ಏಪ್ರಿಲ್‌ನಲ್ಲಿ ಮೇಲಿನ ಕೋಣೆಗಳು ಕಾವಲಿ ಆಗುತ್ತವೆ ಎಂದು ಹಿಂದೇಟು ಹಾಕುತ್ತಾರೆ. ಎಸಿ ಹಾಕಿಸುವುದೋ, ಬಿಳಿ ಬಣ್ಣ ಹೊಡೆಸುವುದೋ, ಫಾಲ್ಸ್ ಸೀಲಿಂಗೋ?
– ಓದುಗರು, ಸಾಲಗಾಮೆ ರಸ್ತೆ, ಹಾಸನ

ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ಬಿಳಿ ಬಣ್ಣ. ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ಬರೀ ಜಿಪ್ಸಂ ಹಾಳೆ ತಾಪವನ್ನು ತಡೆಯುವುದು ಕಡಿಮೆ, ಜೊತೆಗೆ ಫ್ಯಾನು ತಲೆಗೆ ಹತ್ತಿರವಾಗುತ್ತದೆ.

ಕಾವಲಿ ಆಗುವುದಕ್ಕೆ ಕಾರಣ ತಾರಸಿ. ಐದಿಂಚಿನ ಆರ್‌ಸಿಸಿ ಹಗಲೆಲ್ಲ ಬಿಸಿಲು ಕುಡಿದು ಸಂಜೆಯಿಂದ ಕೆಳಗೆ ಬಿಡಲು ಶುರು ಮಾಡುತ್ತದೆ. ಹಾಗಾಗಿಯೇ ಹೊರಗೆ ತಣ್ಣನೆ ಗಾಳಿ ಬೀಸುವ ರಾತ್ರಿ ಹತ್ತು ಗಂಟೆಗೂ ಒಳಗೆ ಸೀಲಿಂಗ್ ಬಿಸಿ. ತಾಪ ದಾಟುವ ಪ್ರಮಾಣಕ್ಕೆ ಯು–ಮೌಲ್ಯ ಎಂದು ಹೆಸರು. ನಿರೋಧಕ ಇಲ್ಲದ ತಾರಸಿಯದು ಮೂರಕ್ಕೂ ಮೇಲೆ. ಇಕೋ ನಿವಾಸ್ ಸಂಹಿತೆ ಹೇಳುವ ಮಿತಿ 1.2. ಸಾಮಾನ್ಯ ತಾರಸಿಯ ಮೇಲೆ 25 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ (ಗಟ್ಟಿ ಥರ್ಮೋಕೋಲಿನಂಥ ನಿರೋಧಕ) ಹಲಗೆ ಹಾಸಿದರೆ ಆ ಮಿತಿಯೊಳಗೆ ಬರುತ್ತದೆ. 50 ಹಾಕಿದರೆ ಇನ್ನೂ ಅರ್ಧಕ್ಕೆ ಇಳಿಯುತ್ತದೆ. ಕ್ರಮ ತಪ್ಪಬಾರದು: ಮೊದಲು ಆರ್‌ಸಿಸಿ ಮೇಲೆ ವಾಟರ್‌ಪ್ರೂಫಿಂಗ್, ಅದರ ಮೇಲೆ ಹಲಗೆ, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ಕಾಂಕ್ರೀಟ್ ಮತ್ತು ಟೈಲ್ಸ್. ಸೋರುವ ತಾರಸಿಯ ಮೇಲೆ ನೇರ ಹಲಗೆ ಹಾಸಿ ಮುಚ್ಚಿದರೆ ನೀರು ಒಳಗೇ ನಿಂತು ಎಲ್ಲಿಂದ ಸೋರುತ್ತಿದೆ ಎಂದು ಹುಡುಕಲೂ ಆಗುವುದಿಲ್ಲ.

ಲೀಸಿಗೆ ಕೊಡುವ ಮನೆಗೆ ಅಷ್ಟು ಹಾಕಲು ಮನಸ್ಸಿಲ್ಲದಿದ್ದರೆ ಬಿಳಿ ಪ್ರತಿಫಲಕ ಬಣ್ಣ ಎರಡು ಕೋಟ್. ಫೆಬ್ರವರಿಯಲ್ಲಿ, ತಾರಸಿ ಪೂರ್ತಿ ಒಣಗಿದ್ದಾಗ, ಪಾಚಿಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ತೊಳೆದು ಎರಡು ದಿನ ಒಣಗಲು ಬಿಟ್ಟು ಹೊಡೆಸಿ. ನಮ್ಮ ಕಡೆ ಮಳೆ ಮುಗಿಯುವ ಹೊತ್ತಿಗೆ ಅದರ ಮೇಲೆ ಪಾಚಿ ಕಪ್ಪಗೆ ಕೂತಿರುತ್ತದೆ, ಬಿಳುಪು ಹೋದಷ್ಟೂ ಕೆಲಸ ಕಡಿಮೆ. ವರ್ಷಕ್ಕೊಮ್ಮೆ ಉಜ್ಜಿ ತೊಳೆಯಲು ಯಾರೂ ಇಲ್ಲದ ಮನೆಗೆ ಇದು ಎರಡು ಬೇಸಿಗೆಯ ಉಪಾಯ ಅಷ್ಟೇ. ಸುಣ್ಣ ಇನ್ನೂ ಅಗ್ಗ, ಒಂದು ಮಳೆಗಾಲಕ್ಕೆ ಹೋಗುತ್ತದೆ.

ಈಗೀಗ ಎಲ್ಲರೂ ಹಾಕಿಸುತ್ತಿರುವ ಟ್ರಸ್ ಶೀಟ್ ನೋಡಲು ಚೆನ್ನಾಗಿಲ್ಲದಿದ್ದರೂ ಒಳ್ಳೆಯ ನೆರಳು. ನಾಲ್ಕೂ ಬದಿ ತೆರೆದಿರಬೇಕು, ಗಾಳಿ ಹಾಯಬೇಕು. ಬದಿಗಳನ್ನೂ ಶೀಟಿನಿಂದ ಮುಚ್ಚಿ ಗೋದಾಮು ಮಾಡಿದರೆ ಬಿಸಿ ಗಾಳಿ ಒಳಗೇ ನಿಲ್ಲುತ್ತದೆ. ಸೋಲಾರ್ ಹಾಕಿಸುವ ಯೋಚನೆ ಇದ್ದರೆ ಟ್ರಸ್ ಮಾಡಿಸುವಾಗಲೇ ಹೇಳಿ, ಪ್ಯಾನೆಲ್ಲಿನ ಭಾರ ಮತ್ತು ಗಾಳಿಯ ಎಳೆತ ಎರಡನ್ನೂ ಅದು ಹೊರಬೇಕು.

ಎಸಿಗೆ ದುಡ್ಡು ಹಾಕುವ ಮೊದಲು ಕಿಟಕಿ ನೋಡಿ. ಬೆಂಗಳೂರಿನಂಥ ಸಮಶೀತೋಷ್ಣ ವಲಯಕ್ಕೆ ಅದೇ ಸಂಹಿತೆ ಹೇಳುವುದು, ತೆರೆಯಬಲ್ಲ ಕಿಟಕಿ–ಬಾಗಿಲ ಜಾಗ ನೆಲದ ವಿಸ್ತೀರ್ಣದ 12.5 ಶೇಕಡಾ ಇರಬೇಕು ಎಂದು. 10×12 ಅಡಿಯ ಕೋಣೆಗೆ 15 ಚದರ ಅಡಿ. 4×4ರ ಜಾರುವ ಕಿಟಕಿ ಹೆಸರಿಗೆ 16 ಚದರ ಅಡಿ. ಒಂದು ಬಾಗಿಲು ಇನ್ನೊಂದರ ಹಿಂದೆ ಸರಿಯುವುದರಿಂದ ಗಾಳಿಗೆ ಸಿಗುವುದು ಎಂಟೇ. ಹಳೆಯ ಮರದ ಕದದ ಕಿಟಕಿ ಪೂರ್ತಿ ತೆರೆಯುತ್ತಿತ್ತು. ರಾತ್ರಿ ಸೊಳ್ಳೆ ಪರದೆಯೊಡನೆ ಕಿಟಕಿ ತೆರೆದಿಡಲು ಆಗುವ ಕೋಣೆಗೆ ಹಾಸನದಲ್ಲಿ ಎಸಿ ಬೇಕಾಗುವುದು ವರ್ಷಕ್ಕೆ ಕೆಲವೇ ವಾರ.

ಹನ್ನೆರಡು ವರ್ಷ ಹಳೆಯ, ಗಾಜಿನ ಕೊಳವೆಗಳ ಸೋಲಾರ್ ವಾಟರ್ ಹೀಟರ್ ಇದೆ. ಬೋರ್ ನೀರು. ಬೆಳಿಗ್ಗೆ ಉಗುರು ಬೆಚ್ಚಗೆ ಬರುತ್ತದೆ. ಮನೆ ಮಾರುವಾಗ ಇದಕ್ಕೆ ಬೆಲೆ ಕಟ್ಟಬಹುದೇ, ತೆಗೆಸಿಬಿಡಲೇ?
– ಓದುಗರು, ಕಡೂರು

ತೆಗೆಸಬೇಡಿ. ನಮ್ಮ ಎರಡು ಜಿಲ್ಲೆಗಳ ಮನೆಗಳಲ್ಲಿ ಕರೆಂಟು ಹೋಗುವುದು ತಂಪು ಮಾಡಲು ಅಲ್ಲ, ಸ್ನಾನಕ್ಕೆ. ನಾಲ್ಕು ಜನ ತಲಾ 25 ಲೀಟರ್ ನೀರನ್ನು 20 ಡಿಗ್ರಿಯಿಂದ 42ಕ್ಕೆ ಕಾಯಿಸಿಕೊಂಡರೆ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75ರ ಆಸುಪಾಸು. ಓಡುವ ಸೋಲಾರ್ ಇರುವ ಮನೆ, ಇಲ್ಲದ ಮನೆ ಎಂಬ ವ್ಯತ್ಯಾಸವೇ ಕೊಳ್ಳುವವರ ಬಿಲ್ಲಿನಲ್ಲಿ ಎದ್ದು ಕಾಣುವಂಥದ್ದು. ಬಾಕಿ ಎಲ್ಲ ಚಿಲ್ಲರೆ.

ಮೊದಲು ನೀರು ತಣ್ಣಗಾಗುವುದು ರಾತ್ರಿಯೋ, ಹಗಲು ಕಾಯುವುದೇ ಇಲ್ಲವೋ ತಿಳಿದುಕೊಳ್ಳಿ. ಬಿಸಿಲಿದ್ದ ದಿನ ಸಂಜೆ ಆರಕ್ಕೆ ಒಂದು ಬಕೆಟ್ ಹರಿಯಬಿಟ್ಟು ಥರ್ಮಾಮೀಟರ್ ಹಿಡಿಯಿರಿ, ಬರೆದಿಡಿ. ಆಮೇಲೆ ಯಾರೂ ಬಿಸಿನೀರು ಬಳಸಬಾರದು. ಬೆಳಿಗ್ಗೆ ಆರಕ್ಕೆ ಮತ್ತೆ ಹಾಗೇ ನೋಡಿ.

ಸಂಜೆ ಚೆನ್ನಾಗಿ ಕಾದಿದ್ದು ಬೆಳಿಗ್ಗೆ ಹತ್ತು ಡಿಗ್ರಿಗೂ ಹೆಚ್ಚು ಇಳಿದಿದ್ದರೆ ದೋಷ ಟ್ಯಾಂಕಿನ ಸುತ್ತಲಿನ ಪಫ್ ಹೊದಿಕೆಯಲ್ಲಿ, ಇಲ್ಲವೇ ಬಚ್ಚಲಿನ ಮಿಕ್ಸರ್ ನಲ್ಲಿಯಲ್ಲಿ. ಈ ಎರಡನೆಯದನ್ನು ಯಾರೂ ನೋಡುವುದಿಲ್ಲ. ಮಿಕ್ಸರ್‌ಗೆ ಹ್ಯಾಂಡ್ ಶವರ್ ಹಾಕಿ ಶವರಿನ ಗುಂಡಿ ಮಾತ್ರ ಮುಚ್ಚಿ, ಮಿಕ್ಸರಿನ ಎರಡೂ ತಿರುಪು ತೆರೆದೇ ಬಿಟ್ಟಿರುತ್ತಾರೆ. ರಾತ್ರಿಯೆಲ್ಲ ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗುತ್ತದೆ. ನಾನ್‌ರಿಟರ್ನ್ ವಾಲ್ವ್ ಇಲ್ಲದ ಮನೆಯಲ್ಲಿ ಇಡೀ ಟ್ಯಾಂಕು ಉಗುರು ಬೆಚ್ಚಗೆ.

ಸಂಜೆಯೇ ಕಾದಿಲ್ಲದಿದ್ದರೆ ಕೊಳವೆಗಳನ್ನು ಒಂದೊಂದಾಗಿ ನೋಡಿ. ಗಾಜಿನ ಕೊಳವೆಯ ಕೆಳ ತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಹೊಳಪು ಇರುತ್ತದೆ. ಅದು ಸುಣ್ಣದ ನೀರಿನ ಹಾಗೆ ಮಂಕು ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ನಿರ್ವಾತ ಹೋಗಿದೆ. ಬಿಸಿಲಲ್ಲಿ ಹೊರಗಿನಿಂದ ಮುಟ್ಟಿದರೆ ಒಳ್ಳೆಯ ಕೊಳವೆ ತಣ್ಣಗಿರುತ್ತದೆ, ಕೆಟ್ಟದ್ದು ಬಿಸಿ. ಅಂಥವನ್ನು ಮಾತ್ರ ಬದಲಿಸಿದರೆ ಸಾಕು. ಕಡೂರಿನ ಬೋರ್ ನೀರಿಗೆ ಒಳಗೆ ಸುಣ್ಣದ ಪದರ ಕಟ್ಟುವುದು ಸಹಜ. ಕೊಳವೆ ಕಳಚಿ ಪದರ ತೆಗೆಸಿ, ರಬ್ಬರ್ ವಾಷರ್ ಹೊಸದು ಹಾಕಿಸಿ. ಈ ಕೆಲಸ ಮುಂಜಾನೆಯೇ ಆಗಬೇಕು. ಬಿಸಿಲಲ್ಲಿ ಖಾಲಿ ಕಾದ ಕೊಳವೆಗೆ ತಣ್ಣೀರು ಬಿಟ್ಟರೆ ಒಡೆಯುತ್ತದೆ. ಟ್ಯಾಂಕಿನ ಮೇಲಿನ ಗಾಳಿ ಕೊಳವೆಯಲ್ಲಿ ಕಣಜ ಗೂಡು ಕಟ್ಟಿದೆಯೇ ಎಂದೂ ನೋಡಿ.

ಬ್ಯಾಕಪ್ ಕಾಯಿಲ್‌ನ ಸ್ವಿಚ್ ಸದಾ ಹಾಕಿಯೇ ಇದ್ದರೆ ಇದೆಲ್ಲ ಇದ್ದೂ ಬಿಲ್ ಇಳಿಯುವುದಿಲ್ಲ. ಮಾರುವ ಮನೆಯಲ್ಲಿ ಆ ಸ್ವಿಚ್ಚಿಗೆ ‘ಮಳೆಗಾಲದಲ್ಲಿ ಮಾತ್ರ’ ಎಂದು ಚೀಟಿ ಅಂಟಿಸಿ.

ಮೂಡಿಗೆರೆ ಹತ್ತಿರ ತೋಟದ ಹಳೆಯ ಹೆಂಚಿನ ಮನೆಯನ್ನು ಭೋಗ್ಯಕ್ಕೆ ಕೊಡಬೇಕಿದೆ. ಗೋಡೆ ಶೀತ, ವೋಲ್ಟೇಜ್ ಕಡಿಮೆ. ಏನೇನು ಮಾಡಿಸಬೇಕು?
– ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ವೈರಿಂಗ್ ಮೊದಲು, ಶೀತ ಆಮೇಲೆ. ಮರದ ಪಟ್ಟಿಯ ಮೇಲೆ ಓಡಿದ ಹಳೆ ರಬ್ಬರ್ ವೈರ್ ಅಟ್ಟದಲ್ಲಿ ಇನ್ನೂ ಇದ್ದರೆ ಪೂರ್ತಿ ಬಿಚ್ಚಿಸಿ. ಇಲಿ ಕಡಿದಿರುತ್ತದೆ, ಅರ್ಥ್ ತಂತಿ ಇರುವುದೇ ಇಲ್ಲ. ಹೊಸದನ್ನು ಪೈಪಿನೊಳಗೆ ಎಳೆಸಿ, ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಗುಂಡಿ ಹೊಸದಾಗಿ ಮಾಡಿಸಿ.

ವೋಲ್ಟೇಜ್ 180ಕ್ಕೆ ಇಳಿದಾಗ 2000 ವ್ಯಾಟಿನ ಗೀಸರ್ 1200ರಷ್ಟೇ ಎಳೆಯುತ್ತದೆ. ನೀರು ನಿಧಾನ ಕಾಯುತ್ತದೆ, ಯೂನಿಟ್ ಅಂಥ ಹೆಚ್ಚಾಗುವುದಿಲ್ಲ. ಮೋಟಾರಿನ ವಿಷಯ ಉಲ್ಟಾ: ಕರೆಂಟು ಹೆಚ್ಚು ಎಳೆದು ಕಾದು ವೈಂಡಿಂಗ್ ಸುಡುತ್ತದೆ. ಸ್ಟೆಬಿಲೈಸರ್ ಬೇಕಾದರೆ ಫ್ರಿಜ್ಜಿಗೆ ಹಾಕಿ. ಮೋಟಾರಿಗೆ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರ್. 150 ಆಂಪಿಯರ್–ಅವರ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಪೂರ್ತಿ ಖಾಲಿಯಾಗಿ ತುಂಬುವ ಪ್ರತಿ ಸಲಕ್ಕೂ ಎರಡರಿಂದ ಎರಡೂವರೆ ಯೂನಿಟ್ ಲೆಕ್ಕ ಹಿಡಿಯಿರಿ. ಮಳೆಗಾಲದಲ್ಲಿ ದಿನಾ ಕರೆಂಟು ಹೋಗುವ ಕಡೆ ಇದು ಸಣ್ಣದಲ್ಲ.

ಶೀತಕ್ಕೆ ಬಹಳ ಜನ ಮಾಡುವ ತಪ್ಪು ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಯುವುದು. ನೆಲದಿಂದ ಏರಿದ ತೇವ ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲೇರುತ್ತದೆ, ಎರಡು ವರ್ಷಕ್ಕೆ ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತದೆ. ಸುಣ್ಣದ ಗಾರೆಯನ್ನೇ ಬಳಸಿ. ಗೋಡೆಯ ಬುಡಕ್ಕೆ ನೀರು ಸಿಡಿಯದಂತೆ ಸೂರಿನ ನೀರಿಗೆ ದೋಣಿ ಕಟ್ಟಿಸಿ, ಅಂಗಳದ ಚರಂಡಿ ಬಿಡಿಸಿ. ಕತ್ತಲೆ ಕೋಣೆಗಳಿಗೆ ಎರಡೆರಡು ಗಾಜಿನ ಹೆಂಚು ಹಾಕಿದರೆ ಹಗಲು ದೀಪ ಉರಿಸುವುದು ನಿಲ್ಲುತ್ತದೆ.

ಬಚ್ಚಲ ಹಂಡೆ ಒಲೆಯನ್ನು ಕೀಳಿಸಬೇಡಿ! ಕಸಿಯಲ್ಲಿ ಸವರಿ ಹಾಕಿದ ರೆಂಬೆ ಕೊಂಬೆ ತೋಟದಲ್ಲೇ ಬಿದ್ದಿರುವಾಗ ಮೂರು ತಿಂಗಳ ಮಳೆಯಲ್ಲಿ ಅದಕ್ಕಿಂತ ಅಗ್ಗದ ಬಿಸಿನೀರು ಇಲ್ಲ. ಸೌದೆ ಯಾರದ್ದು ಎಂದು ಮಾತ್ರ ಕರಾರಿನಲ್ಲಿ ಬರೆಸಿ, ಜಗಳ ಅಲ್ಲೇ ಶುರುವಾಗುವುದು.

ಮನೆ ಮಾರಿದ ಮೇಲೆ ಆರ್‌ಆರ್ ನಂಬರ್, ಗೃಹಜ್ಯೋತಿ, ತಾರಸಿಯ ಸೋಲಾರ್ ಪ್ಯಾನೆಲ್ ಏನಾಗುತ್ತವೆ?
– ಓದುಗರು, ಬೇಲೂರು

ಬಾಕಿ ತೀರಿಸಿದ ರಸೀದಿ ಮೊದಲು. ಹಳೆಯ ಬಾಕಿಯನ್ನು ಹೊಸ ಮಾಲೀಕರಿಂದ ವಸೂಲಿ ಮಾಡಲು ನಿಯಮದಲ್ಲಿ ಅವಕಾಶವಿದ್ದರೆ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಹೇಳಿದೆ. ಕೊಳ್ಳುವವರು ಅದನ್ನು ಕೇಳಿಯೇ ಕೇಳುತ್ತಾರೆ. ಆಮೇಲೆ ಕ್ರಯಪತ್ರ, ಖಾತೆ, ಗುರುತಿನ ಚೀಟಿ ಇಟ್ಟು ಹೆಸರು ಬದಲಾವಣೆಗೆ ಅವರು ಅರ್ಜಿ ಹಾಕಬೇಕು. ನಿಮ್ಮ ಭದ್ರತಾ ಠೇವಣಿ ಅವರಿಗೆ ಹೋಗುವುದಾದರೆ ಆ ಮೊತ್ತವನ್ನು ವ್ಯಾಪಾರದಲ್ಲೇ ಸೇರಿಸಿಕೊಳ್ಳಿ.

ಗೃಹಜ್ಯೋತಿಯಲ್ಲಿ ನಿಮ್ಮ ಆಧಾರ್ ಈ ಆರ್‌ಆರ್ ನಂಬರಿಗೆ ಜೋಡಿಯಾಗಿದೆ. ಅದನ್ನು ಬಿಡಿಸಿಕೊಳ್ಳದೆ ಹೊಸ ಮನೆಯಲ್ಲಿ ಸೌಲಭ್ಯ ಸಿಗುವುದಿಲ್ಲ, ಬಂದವರಿಗೂ ತೊಡಕು. ಬಾಡಿಗೆದಾರರು ಬದಲಾದಾಗಲೂ ಇದೇ ಕೆಲಸ. ಉಚಿತ ಯೂನಿಟ್ ಎಲ್ಲರಿಗೂ 200 ಅಲ್ಲ: 2022–23ರ ಸರಾಸರಿಯ ಮೇಲೆ ಸಾಮಾನ್ಯವಾಗಿ ಶೇಕಡಾ 10 ಎಂದು ಲೆಕ್ಕ ಹಾಕಿದ ಮಿತಿ ಇರುತ್ತದೆ. ಅದನ್ನು ಮೀರಿದರೆ ಹೆಚ್ಚಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ಬಾಡಿಗೆಗೆ ಕೊಡುವಾಗ ‘ಕರೆಂಟ್ ಫ್ರೀ’ ಎಂದು ಬಾಯಿ ಮಾತಿನಲ್ಲಿ ಹೇಳಬೇಡಿ.

ತಾರಸಿಯ ಪ್ಯಾನೆಲ್ ಗ್ರಿಡ್‌ಗೆ ಸೇರಿದ್ದರೆ ನೆಟ್ ಮೀಟರಿಂಗ್ (ಗ್ರಿಡ್‌ಗೆ ಕೊಟ್ಟ ಯೂನಿಟ್ಟನ್ನು ಬಿಲ್ಲಿನಲ್ಲಿ ಕಳೆಯುವ) ಒಪ್ಪಂದ ನಿಮ್ಮ ಹೆಸರಿನಲ್ಲಿದೆ, ಅದೂ ವರ್ಗವಾಗಬೇಕು. ಇನ್ವರ್ಟರಿನ ವಾರಂಟಿ ಕಾರ್ಡು, ಮೊಬೈಲ್ ಆಪ್‌ನ ಪಾಸ್‌ವರ್ಡ್ ಕೊಡಲು ಮರೆಯಬೇಡಿ. ಒಂದು ಕಿಲೋವ್ಯಾಟ್ ಬಿಸಿಲಿದ್ದ ದಿನ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತದೆ, ಜುಲೈನಲ್ಲಿ ಅದರ ಆಸೆ ಇಟ್ಟುಕೊಳ್ಳಬಾರದು.

ಮಗ ಇಂಗ್ಲೆಂಡಿನಲ್ಲಿ ಒಂದು ಫ್ಲಾಟ್ ತಗೊಂಡಿದ್ದಾನೆ. ಬಾಡಿಗೆಗೆ ಕೊಡಲು ಹೋದರೆ ‘ಇಪಿಸಿ ಎಫ್ ಬಂದಿದೆ, 34 ಅಂಕ, ಆಗಲ್ಲ’ ಎಂದರಂತೆ. ಇಷ್ಟಕ್ಕೂ ಅವನ ಬಿಲ್ ಬಹಳ ಕಡಿಮೆ. ಏನಿದು?
– ನಿವೃತ್ತ ಅಧ್ಯಾಪಕರು, ಹಾಸನ

ಅಲ್ಲಿ ಇಪಿಸಿ ಎಂಬ ಇಂಧನ ದಕ್ಷತೆಯ ಪ್ರಮಾಣಪತ್ರ ಇಲ್ಲದೆ ಮನೆ ಮಾರುವುದಕ್ಕೂ ಬಾಡಿಗೆಗೆ ಕೊಡುವುದಕ್ಕೂ ಆಗುವುದಿಲ್ಲ. ಒಮ್ಮೆ ಮಾಡಿಸಿದರೆ 10 ವರ್ಷ ನಡೆಯುತ್ತದೆ. ಎಯಿಂದ ಜಿವರೆಗೆ ಏಳು ದರ್ಜೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಡಿಗೆಗೆ ಕನಿಷ್ಠ ಇ ಬೇಕು. ಹೊಸ ಕರಾರಿಗೆ 2018ರ ಏಪ್ರಿಲ್‌ನಿಂದ, ನಡೆಯುತ್ತಿರುವ ಕರಾರುಗಳಿಗೆ 2020ರ ಏಪ್ರಿಲ್‌ನಿಂದ ಈ ನಿಯಮ. ಇ ಎಂದರೆ 39ರಿಂದ 54 ಅಂಕ, ನಿಮ್ಮ ಮಗನಿಗೆ ಐದು ಅಂಕ ಕಡಿಮೆ.

ಬಿಲ್ ಕಡಿಮೆ ಇರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೌಲ್ಯಮಾಪಕರು ಬಿಲ್ ನೋಡುವುದೇ ಇಲ್ಲ. ಸುಮಾರು ಒಂದು ಗಂಟೆ ಓಡಾಡಿ ಗೋಡೆ, ಕಿಟಕಿ, ಹೀಟರ್, ಬಿಸಿನೀರಿನ ಸಿಲಿಂಡರ್ ನೋಡಿ ಅಳತೆ ತೆಗೆದು, ಸಾಮಾನ್ಯ ಕುಟುಂಬ ಇದ್ದರೆ ಎಷ್ಟು ಖರ್ಚು ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಮಗ ಒಬ್ಬನೇ ಸ್ವೆಟರ್ ಹಾಕಿಕೊಂಡು ಹೀಟರ್ ಆರಿಸಿ ಕೂತಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಕಣ್ಣಿಗೆ ಕಾಣದ ನಿರೋಧಕಕ್ಕೆ ದಾಖಲೆ ಬೇಕು, ಇಲ್ಲದಿದ್ದರೆ ಕಟ್ಟಡದ ವಯಸ್ಸು ನೋಡಿ ಅಂದಾಜು ಹಿಡಿಯುತ್ತಾರೆ. ಗೋಡೆಯೊಳಗೆ, ನೆಲದಡಿಯಲ್ಲಿ ಮಾಡಿಸಿದ ಕೆಲಸದ ರಸೀದಿ, ಗ್ಯಾರಂಟಿ ಪತ್ರ ಹುಡುಕಲು ಮಗನಿಗೆ ಹೇಳಿ.

ಫ್ಲಾಟಿನಲ್ಲಿ ಗೋಡೆಗೆ ತೂಗಿಸಿದ ಸಾದಾ ಎಲೆಕ್ಟ್ರಿಕ್ ಹೀಟರ್ ಇದ್ದರೆ ಅಂಕ ಬೀಳುವುದು ಅದರಿಂದಲೇ, ಯಾಕೆಂದರೆ ಅಂಕ ಕೊಡುವುದು ಖರ್ಚಿನ ಮೇಲೆ. ಅಗ್ಗದ ರಾತ್ರಿ ದರದಲ್ಲಿ ಕಾದು ಹಗಲು ಶಾಖ ಬಿಡುವ ಸುಧಾರಿತ ಸ್ಟೋರೇಜ್ ಹೀಟರಿಗೆ ಬದಲಿಸುವುದು, ಸಿಲಿಂಡರಿಗೆ 80 ಮಿಲಿಮೀಟರ್ ದಪ್ಪದ ಹೊದಿಕೆ, ಉಳಿದ ಬಲ್ಬುಗಳನ್ನು ಎಲ್‌ಇಡಿ ಮಾಡುವುದು. ಐದು ಅಂಕಕ್ಕೆ ಇಷ್ಟು ಸಾಕಾಗಬಹುದು. ಕೆಲಸ ಮುಗಿಸಿ ಹೊಸದಾಗಿ ಮೌಲ್ಯಮಾಪನ ಮಾಡಿಸಿ ದಾಖಲಾದರೆ ಮಾತ್ರ ದರ್ಜೆ ಬದಲಾಗುತ್ತದೆ. ಇದಕ್ಕೆ ಮಾಲೀಕರು ತಮ್ಮ ಕೈಯಿಂದ ಹಾಕಬೇಕಾದ ಖರ್ಚಿಗೆ 3,500 ಪೌಂಡಿನ ಮಿತಿ ಇದೆ. ಅಷ್ಟು ಮಾಡಿಯೂ ಇ ಮುಟ್ಟದಿದ್ದರೆ ವಿನಾಯಿತಿಗೆ ನೋಂದಾಯಿಸಬಹುದು. ನೋಂದಾಯಿಸದೆ ಬಾಡಿಗೆಗೆ ಬಿಟ್ಟರೆ 5,000 ಪೌಂಡ್‌ವರೆಗೂ ದಂಡ.

ಥರ್ಮಲ್ ಕ್ಯಾಮೆರಾ ತಂದು ಮನೆ ‘ಸ್ಕ್ಯಾನ್’ ಮಾಡಿಕೊಡುತ್ತೇವೆ, ಬಾಗಿಲಿಗೆ ಫ್ಯಾನ್ ಕಟ್ಟಿ ಗಾಳಿ ಸೋರಿಕೆ ಅಳೆಯುತ್ತೇವೆ ಎನ್ನುತ್ತಾರೆ. ಮಾಡಿಸಬಹುದೇ?
– ಓದುಗರು, ಸಕಲೇಶಪುರ

ಬಾಗಿಲಿಗೆ ಫ್ಯಾನ್ ಕಟ್ಟುವ ಪರೀಕ್ಷೆ ಮುಚ್ಚಿಟ್ಟು ಬೆಚ್ಚಗಿಡುವ ಚಳಿ ದೇಶದ ಮನೆಗಳಿಗೆ. ಹೆಂಚಿನ ಸಂದು, ಗೋಡೆಯ ಗವಾಕ್ಷಿ ಎಲ್ಲ ತೆರೆದೇ ಇರುವ ಮನೆಗೆ ಅದನ್ನು ಮಾಡಿಸುವುದು ಜರಡಿಗೆ ನೀರು ತುಂಬಿದ ಹಾಗೆ.

ಕ್ಯಾಮೆರಾ ಮಾತ್ರ ಪ್ರಯೋಜನಕ್ಕಿದೆ, ಹೊತ್ತು ನೋಡಿ ಕರೆಸಿದರೆ. ತಾರಸಿಯ ತಾಪ ಕಾಣಬೇಕಾದರೆ ಬಿಸಿಲಿನ ದಿನ ಮಧ್ಯಾಹ್ನ ಮೂರರಿಂದ ಸಂಜೆಯೊಳಗೆ. ಗೋಡೆಯ ತೇವ ಆವಿಯಾಗುವಾಗ ಆ ಜಾಗ ತಣ್ಣಗಾಗಿ ಚಿತ್ರದಲ್ಲಿ ಕಡು ಬಣ್ಣದ ಮಚ್ಚೆಯಾಗಿ ಬರುತ್ತದೆ, ಪೈಪ್ ಸೋರಿಕೆ ಹುಡುಕಲು ಅದು ಒಳ್ಳೆಯದು. ಸ್ವಿಚ್ ಬೋರ್ಡಿನಲ್ಲಿ ಸಡಿಲವಾದ ಸ್ಕ್ರೂ ಇದ್ದರೆ ಆ ಟರ್ಮಿನಲ್ ಒಂದೇ ಉರಿಗೆಂಪಾಗಿ ಕಾಣುತ್ತದೆ. ಗೀಸರ್, ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಓಡಿಸಿದ ಮೇಲೆ ತೆಗೆಸಬೇಕು, ಲೋಡ್ ಇಲ್ಲದೆ ತೆಗೆದ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಜುಲೈ ಮಳೆಯಲ್ಲಿ, ಒಳಗೂ ಹೊರಗೂ ಒಂದೇ ಥಂಡಿ ಇರುವಾಗ ಬಂದು ಬಣ್ಣಬಣ್ಣದ ಚಿತ್ರ ತೆಗೆದುಕೊಟ್ಟರೆ ಕಾಫಿ ಕೊಟ್ಟು ಕಳುಹಿಸಿ, ದುಡ್ಡು ಕೊಡಬೇಡಿ.